ನೀನು ಸೋಮಾರಿಯಲ್ಲ, ತಂಗಿ

ತಂಗಿ,

ಹಾವೇರಿಯಿಂದ ನೀನು ಬರೆದ ಮೂರು ಪುಟದ ಕಾಗದವನ್ನು ಎರಡು ಸಲ ಓದಿದೆ. ಸೆಕೆಂಡ್ ಪಿಯು ಸೈನ್ಸ್. ಸಂಜೆ ಆರಕ್ಕೆ ಓದಲು ಕೂರುತ್ತೀಯ, ಬಣ್ಣದ ಪೆನ್ನಿನಲ್ಲಿ ಹೊಸ ಟೈಮ್‌ಟೇಬಲ್ ಬರೆಯುತ್ತೀಯ, ಅಷ್ಟರಲ್ಲಿ ಮೊಬೈಲ್ ಕೈಗೆ ಬಂದಿರುತ್ತದೆ, ತಲೆ ಎತ್ತಿದರೆ ಹತ್ತು ಗಂಟೆ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಕೆಮಿಸ್ಟ್ರಿ ಕೈಕೊಟ್ಟಿತು. ‘ನಾನು ಶುದ್ಧ ಸೋಮಾರಿ, ಒಂದು ಒಳ್ಳೆಯ ಟೈಮ್‌ಟೇಬಲ್ ಹಾಕಿಕೊಡಿ’ ಎಂದು ಕೇಳಿದ್ದೀಯ.

ಟೈಮ್‌ಟೇಬಲ್ ಕೊಡುವುದಿಲ್ಲ. ನಿನ್ನ ಹತ್ತಿರ ಆಗಲೇ ಏಳು ಇವೆ. ಐದಕ್ಕೆ ಎದ್ದು ಅಮ್ಮನ ಜೊತೆ ರೊಟ್ಟಿ ಬಡಿಯುತ್ತೇನೆ, ಬಯಾಲಜಿ ರೆಕಾರ್ಡ್ ಅಂದಂದೇ ಮುಗಿಸುತ್ತೇನೆ ಎಂದೂ ಅದೇ ಕಾಗದದಲ್ಲಿದೆ. ಇದು ಸೋಮಾರಿಯ ಕೈಲಾಗುವ ಕೆಲಸವಲ್ಲ. ನೀನು ಮುಂದೂಡುತ್ತಿರುವುದು ಒಂದನ್ನೇ, ಆರ್ಗ್ಯಾನಿಕ್ ಕೆಮಿಸ್ಟ್ರಿಯನ್ನು. ಆ ಪುಸ್ತಕ ತೆರೆದ ಕೂಡಲೇ ‘ನನಗಿದು ಬರುವುದಿಲ್ಲ’ ಎಂಬ ಸಂಕಟ ಎದ್ದು ಬರುತ್ತದೆ. ಅದರಿಂದ ತಪ್ಪಿಸಿಕೊಳ್ಳಲು ಟೈಮ್‌ಟೇಬಲ್‌ಗೆ ಬಣ್ಣ ತುಂಬುತ್ತೀಯ.

‘ನಾಳೆ ಎಂದವರ ಮನೆ ಹಾಳು’ ಎಂದು ಮನೆಯಲ್ಲಿ ದಿನಾ ಹೇಳುತ್ತಾರಂತೆ. ಅದನ್ನೇ ಹಿಡಿದು ನಿನ್ನನ್ನು ನೀನು ಬೈದುಕೊಳ್ಳಬೇಡ. ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದಲ್ಲಿ ಮೊದಲ ವರ್ಷದ 119 ವಿದ್ಯಾರ್ಥಿಗಳ ಮೇಲೆ ನಡೆದ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ಮೊದಲ ಪರೀಕ್ಷೆಗೆ ಓದನ್ನು ಮುಂದೂಡಿ, ಆಮೇಲೆ ಆ ತಪ್ಪಿಗಾಗಿ ತಮ್ಮನ್ನು ತಾವು ಕ್ಷಮಿಸಿಕೊಂಡವರು ಮುಂದಿನ ಪರೀಕ್ಷೆಗೆ ಅಷ್ಟು ಮುಂದೂಡಲಿಲ್ಲ. ನನಗಿದು ಸಹಜವೆನಿಸುತ್ತದೆ. ಬೈದುಕೊಂಡಷ್ಟೂ ಆ ಪುಸ್ತಕದ ಮುಖ ನೋಡುವುದೇ ಬೇಡವೆನಿಸುತ್ತದೆ.

1980ರ ದಶಕದ ಕೊನೆಯಲ್ಲಿ ಇಟಲಿಯ ಕಾಲೇಜು ವಿದ್ಯಾರ್ಥಿ ಫ್ರಾನ್ಸೆಸ್ಕೊ ಚಿರಿಲ್ಲೊ ಇದೇ ಪಾಡಿನಲ್ಲಿದ್ದ. ಟೊಮೆಟೊ ಆಕಾರದ ಅಡುಗೆಮನೆ ಟೈಮರ್ ಮುಂದಿಟ್ಟುಕೊಂಡು, ಹತ್ತೇ ನಿಮಿಷ ನಿಜವಾಗಿ ಓದುತ್ತೇನೆಂದು ತನ್ನೊಡನೆ ತಾನೇ ಪಂಥ ಕಟ್ಟಿದ. ಮೊದಲ ಯತ್ನಕ್ಕೇ ಗೆಲ್ಲಲಿಲ್ಲ. ಟೈಮರ್ ಇಟ್ಟು 25 ನಿಮಿಷ ಒಂದೇ ಕೆಲಸಕ್ಕೆ ಕೂರುವ, ಇಂದು ಎಷ್ಟೋ ದೇಶಗಳಲ್ಲಿ ಬಳಸುವ ‘ಪೊಮೊಡೊರೊ’ (ಇಟಾಲಿಯನ್‌ನಲ್ಲಿ ಟೊಮೆಟೊ) ಪದ್ಧತಿ ಹುಟ್ಟಿದ್ದು ಅಲ್ಲಿಂದಲೇ.

ನಿನಗೂ ಸದ್ಯಕ್ಕೆ ಹತ್ತು ಸಾಕು. ಇವತ್ತು ಮೊಬೈಲನ್ನು ಅಮ್ಮನ ಕೈಗೆ ಕೊಟ್ಟು, ಕ್ಯಾನಿಜಾರೊ ಕ್ರಿಯೆಯೊಂದನ್ನೇ ಓದು. ಒಂದೇ ಆಲ್ಡಿಹೈಡ್‌ನ ಎರಡು ಅಣುಗಳಲ್ಲಿ ಒಂದು ಆಲ್ಕೋಹಾಲ್ ಆಗುತ್ತದೆ, ಇನ್ನೊಂದು ಆಮ್ಲದ ಲವಣವಾಗುತ್ತದೆ. ಅಷ್ಟೇ ಇರುವುದು. ಪುಸ್ತಕ ಮುಚ್ಚಿ ಖಾಲಿ ಹಾಳೆಯಲ್ಲಿ ಸಮೀಕರಣ ಬರೆ. ತಪ್ಪಿದ ಕಡೆ ಗುರುತು ಹಾಕಿ ಮರುದಿನ ಲೆಕ್ಚರರ್‌ಗೆ ತೋರಿಸು. ‘ಪಾಠ ಅರ್ಥವಾಗಿಲ್ಲ ಸರ್’ ಎಂದರೆ ಅವರಿಗೂ ಎಲ್ಲಿಂದ ಶುರುಮಾಡಬೇಕೋ ತಿಳಿಯುವುದಿಲ್ಲ. ಗುರುತು ಹಾಕಿದ ಹಾಳೆ ಕೈಯಲ್ಲಿದ್ದರೆ ಐದು ನಿಮಿಷದ ಮಾತು.

ಹದಿನೈದು ದಿನ ಕಳೆದ ಮೇಲೆ ಇನ್ನೊಂದು ಕಾಗದ ಬರೆ. ಆ ಹಾಳೆಗಳಲ್ಲಿ ಒಂದನ್ನು, ತಪ್ಪಿರುವುದನ್ನೇ, ಜೊತೆಗಿಡು.

– ಸಂಪಾದಕ