ಡಿಸ್ಕ್ ಹಾಕಿಸುವ ಮೊದಲು ಡ್ರಮ್ ಬಿಚ್ಚಿಸಿ ನೋಡಿ

ಪ್ರಶ್ನೆ: ನನ್ನದು 2013ರಲ್ಲಿ ಕೊಂಡ 100 ಸಿಸಿ ಬೈಕು. ಎರಡೂ ಚಕ್ರಕ್ಕೆ ಡ್ರಮ್ ಬ್ರೇಕ್ ಇದೆ. ಕೆಲಸಕ್ಕೆಂದು ದಿನಕ್ಕೆ 26 ಕಿಲೋಮೀಟರ್ ಓಡಾಡುತ್ತೇನೆ. ಬೆಳಿಗ್ಗೆ ಮಗಳನ್ನು ಕಾಲೇಜಿಗೆ ಬಿಟ್ಟು ಹೋಗುತ್ತೇನೆ. ಈಚೆಗೆ ಮುಂದಿನ ಬ್ರೇಕ್ ಎಷ್ಟು ಒತ್ತಿದರೂ ಬೈಕು ಬೇಗ ನಿಲ್ಲುವುದಿಲ್ಲ. ಗ್ಯಾರೇಜಿನವರು ಏಳು ಸಾವಿರ ಕೊಟ್ಟರೆ ಮುಂದಕ್ಕೆ ಡಿಸ್ಕ್ ಕೂರಿಸಿಕೊಡುತ್ತೇವೆ ಎನ್ನುತ್ತಾರೆ. ನಾನು ಮೂರು ಸಾವಿರಕ್ಕಿಂತ ಹೆಚ್ಚು ಹೊಂದಿಸಲಾರೆ. ಏನು ಮಾಡಲಿ?
(ಓದುಗರೊಬ್ಬರು, ತೀರ್ಥಹಳ್ಳಿ)

ಉತ್ತರ: ನಿಮ್ಮ ಪತ್ರದಲ್ಲಿ ‘ಈಚೆಗೆ’ ಎಂಬ ಮಾತು ಬಹಳ ಮುಖ್ಯ. ಬೈಕು ಹೊಸದಾಗಿದ್ದಾಗ ಇದೇ ಡ್ರಮ್ ನಿಮ್ಮನ್ನು ಸರಿಯಾಗಿ ನಿಲ್ಲಿಸುತ್ತಿತ್ತು ಎಂದಾದರೆ, ನಿಮಗೆ ಬೇಕಾಗಿರುವುದು ಹೊಸ ಬಗೆಯ ಬ್ರೇಕ್ ಅಲ್ಲ, ಇರುವ ಬ್ರೇಕ್ ಕಳೆದುಕೊಂಡ ಶಕ್ತಿ. ಅದನ್ನು ಮರಳಿ ತರಲು ನೀವು ಹೇಳಿದ ಮೂರು ಸಾವಿರ ಸಾಕು. ಜೋಪಾನವಾಗಿ ಖರ್ಚು ಮಾಡಿದರೆ ಅದರಲ್ಲೇ ಸ್ವಲ್ಪ ಉಳಿಯಲೂಬಹುದು.

ಮೊದಲು ಮುಂದಿನ ಚಕ್ರ ಬಿಚ್ಚಿಸಿ, ಕೆಲಸ ನಡೆಯುವಾಗ ನೀವೂ ಪಕ್ಕದಲ್ಲೇ ನಿಂತು ನೋಡಿ. ಡ್ರಮ್ಮನ್ನು ಒಳಗಿನಿಂದ ಒತ್ತುವ ಬ್ರೇಕ್ ಶೂಗಳ ಮೇಲಿನ ಲೈನಿಂಗ್ (ಉಜ್ಜುವ ಪದರ) ಕನ್ನಡಿಯಂತೆ ಹೊಳೆಯುತ್ತಿದ್ದರೆ, ಅದು ಬಿಸಿಯಾಗಿ ಆರಿ ಮೇಲ್ಮೈ ಗಟ್ಟಿಯಾಗಿದೆ ಎಂದರ್ಥ. ಅಂಥ ಶೂ ದಪ್ಪವಾಗಿ ಕಂಡರೂ ಡ್ರಮ್ಮನ್ನು ಹಿಡಿಯದೆ ಜಾರುತ್ತದೆ. ದಪ್ಪ ಸಾಕಷ್ಟಿದ್ದರೆ ಎಮರಿ ಕಾಗದದಿಂದ ಆ ಹೊಳಪನ್ನು ಉಜ್ಜಿ ತೆಗೆಯಬಹುದು, ಆದರೆ ಹತ್ತು ವರ್ಷ ದಾಟಿದ ಬೈಕಿನಲ್ಲಿ ಆ ಉಳಿತಾಯಕ್ಕಿಂತ ಹೊಸ ಒರಿಜಿನಲ್ ಶೂ ಜೋಡಿ ಹಾಕುವುದೇ ಮೇಲು. ಒಳಗಿನ ಕಪ್ಪು ಪುಡಿಯನ್ನು ಗಾಳಿ ಹೊಡೆದು ಹಾರಿಸಲು ಬಿಡಬೇಡಿ. ಕೆಲವು ಲೈನಿಂಗ್‌ಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುವ ಸಾಧ್ಯತೆ ಇರುವುದರಿಂದ ಒದ್ದೆ ಬಟ್ಟೆಯಲ್ಲಿ ಒರೆಸಿ ಆ ಬಟ್ಟೆಯನ್ನು ಎಸೆಯುವುದು ಕೆಲಸಗಾರನಿಗೂ ನಿಮಗೂ ಒಳ್ಳೆಯದು.

ಆಮೇಲೆ ಡ್ರಮ್ಮಿನ ಒಳಮೈ ನೋಡಿ. ಅದು ಎಷ್ಟು ಅಗಲದವರೆಗೆ ಸವೆಯಬಹುದು ಎಂಬ ಮಿತಿಯನ್ನು ಸಾಮಾನ್ಯವಾಗಿ ಹಬ್ಬಿನ (ಚಕ್ರದ ನಡುಭಾಗದ) ಮೇಲೆಯೇ ಅಚ್ಚು ಹಾಕಿರುತ್ತಾರೆ. ಬ್ರೇಕ್ ಹಿಡಿದಾಗ ಲಿವರ್ ಕೈಯಲ್ಲಿ ಮಿಡಿದಂತಾಗುತ್ತಿದ್ದರೆ ಡ್ರಮ್ ದುಂಡಗೆ ಉಳಿದಿಲ್ಲ ಎಂದು ತಿಳಿಯಬೇಕು. ಮಿತಿಯೊಳಗೆ ಇದ್ದರೆ ಲೇತ್ ಅಂಗಡಿಯಲ್ಲಿ ತೆಳುವಾಗಿ ಕೆರೆಸಿ ಸರಿಪಡಿಸಬಹುದು. ಮಿತಿ ದಾಟಿದ್ದರೆ ಹಬ್ ಬದಲಿಸದೆ ಬೇರೆ ದಾರಿಯಿಲ್ಲ. ಶೂಗಳನ್ನು ಅಗಲಿಸುವ ಕ್ಯಾಮ್ ಎಂಬ ಭಾಗ ತಿರುಗುವ ಜಾಗದಲ್ಲಿ ಹಳೆಯ ಗ್ರೀಸ್ ಮಣ್ಣಿನೊಂದಿಗೆ ಸೇರಿ ಅಂಟಾಗಿರುತ್ತದೆ. ಅದನ್ನು ಬಿಡಿಸಿ, ತೊಳೆದು, ಶಾಖ ತಡೆಯುವ ಗ್ರೀಸನ್ನು ಬೆರಳತುದಿಯಷ್ಟೇ ಸವರಬೇಕು, ಏಕೆಂದರೆ ಹೆಚ್ಚಾದ ಗ್ರೀಸ್ ಬಿಸಿಗೆ ಕರಗಿ ಲೈನಿಂಗ್ ಮೇಲೆ ಇಳಿದರೆ ಇದ್ದ ಬ್ರೇಕೂ ಹೋಗುತ್ತದೆ.

ಇನ್ನು ಒಂದು ವಿಷಯವನ್ನು ಒತ್ತಿ ಹೇಳಬೇಕಾಗಿದೆ. ಡ್ರಮ್ಮಿನ ಹೊರಗಡೆ, ಕೇಬಲ್ ಎಳೆಯುವ ಪುಟ್ಟ ಕೈಯ ಪಕ್ಕದಲ್ಲಿ ಒಂದು ಬಾಣದ ಗುರುತು ಇರುತ್ತದೆ. ಬ್ರೇಕ್ ಹಿಡಿದಾಗ ಆ ಬಾಣ ಮಿತಿಯ ಗೆರೆಯನ್ನು ಮುಟ್ಟಿದರೆ ಶೂ ಮುಗಿದಿದೆ ಎಂದು ಅರ್ಥ. ಕೆಲವು ಕಡೆ ಶೂ ಬದಲಿಸುವ ಬದಲು ಆ ಕೈಯನ್ನು ಬಿಚ್ಚಿ ಒಂದು ಹಲ್ಲು ಹಿಂದಕ್ಕೆ ಕೂರಿಸಿ ‘ಟೈಟ್’ ಮಾಡಿಕೊಡುತ್ತಾರೆ. ಕೆಲವು ವರ್ಷಗಳ ಹಿಂದೆ ನನ್ನ ಬೈಕಿಗೂ ಒಬ್ಬರು ಹಾಗೆ ಮಾಡಿದ್ದರು. ಎರಡು ವಾರ ಬ್ರೇಕ್ ಚೆನ್ನಾಗಿದೆ ಎಂದುಕೊಂಡು ಓಡಿಸಿದೆ. ಬಿಚ್ಚಿ ನೋಡಿದಾಗ ಒಂದು ಶೂನಲ್ಲಿ ಲೈನಿಂಗ್ ಕಾಗದದಷ್ಟು ತೆಳ್ಳಗಾಗಿತ್ತು. ಹೀಗೆ ಕೈ ಸರಿಸಿದರೆ ಬಾಣ ಸುಳ್ಳು ಹೇಳತೊಡಗುತ್ತದೆ, ಮಾತ್ರವಲ್ಲ, ಕ್ಯಾಮ್ ತನ್ನ ಮಿತಿ ಮೀರಿ ತಿರುಗಿ ಶೂಗಳನ್ನು ಡ್ರಮ್ಮಿಗೆ ಕಚ್ಚಿಸಿ ಚಕ್ರವನ್ನು ನಿಲ್ಲಿಸಿಬಿಡುವ ಅಪಾಯವೂ ಇದೆ. ನಿಮ್ಮ ಬೈಕಿನಲ್ಲಿ ಕ್ಯಾಮ್ ಮೇಲಿನ ಚುಕ್ಕೆಯೂ ಕೈಯ ಮೇಲಿನ ಗುರುತೂ ಎದುರುಬದುರಾಗಿ ಇವೆಯೇ ಎಂದು ದಯವಿಟ್ಟು ನೀವೇ ಕಣ್ಣಾರೆ ನೋಡಿಕೊಳ್ಳಿ.

ಬ್ರೇಕ್ ಕೇಬಲ್ ಅನ್ನು ಯಾರೂ ಅನುಮಾನಿಸುವುದಿಲ್ಲ, ಆದರೆ ನಮ್ಮ ಮಳೆಯಲ್ಲಿ ಒಳಗೆ ತುಕ್ಕು ಹಿಡಿದ ಕೇಬಲ್ ನಿಮ್ಮ ಬೆರಳಿನ ಬಲವನ್ನು ದಾರಿಯಲ್ಲೇ ತಿಂದುಹಾಕುತ್ತದೆ. ಹೊಸದು ಹಾಕಿಸಿ, ಹ್ಯಾಂಡಲ್ ಪೂರ್ತಿ ತಿರುಗಿಸಿದಾಗಲೂ ಅದು ಎಲ್ಲಿಯೂ ಮಡಿಯದಂತೆ ಸಾಗಿದೆಯೇ ನೋಡಿ. ಲಿವರಿನ ತುದಿಯಲ್ಲಿ ಸುಮಾರು 10ರಿಂದ 20 ಮಿಲಿಮೀಟರ್ ಸಡಿಲ ಇದ್ದು, ಆನಂತರ ಹಿಡಿತ ಶುರುವಾಗಬೇಕು. ಹೊಸ ಶೂ ಹಾಕಿದ ಮೊದಲ ಇನ್ನೂರು ಕಿಲೋಮೀಟರ್ ನಿಧಾನವಾಗಿ ಓಡಿಸಿ, ಮೃದುವಾಗಿ ಬ್ರೇಕ್ ಹಿಡಿಯುತ್ತ ಹೋಗಿ. ಲೈನಿಂಗ್ ಡ್ರಮ್ಮಿನ ಸುತ್ತಿಗೆ ಒಗ್ಗಿಕೊಂಡ ಮೇಲೆ ಮಾತ್ರ ಪೂರ್ಣ ಹಿಡಿತ ಬರುತ್ತದೆ.

ಉಳಿದ ಹಣ ಮುಂದಿನ ಟಯರಿಗೆ ಹೋಗಲಿ. ಬ್ರೇಕ್ ನಿಲ್ಲಿಸುವುದು ಚಕ್ರವನ್ನು, ಬೈಕನ್ನು ನಿಲ್ಲಿಸುವುದು ಟಯರು. ಟಯರಿನ ಪಕ್ಕದಲ್ಲಿ ನಾಲ್ಕಂಕಿಯ ಅಚ್ಚು ಇರುತ್ತದೆ. 2317 ಎಂದಿದ್ದರೆ ಅದು 2017ನೇ ವರ್ಷದ 23ನೇ ವಾರ ತಯಾರಾದದ್ದು. ಅಷ್ಟು ಹಳೆಯ ರಬ್ಬರು ಗಟ್ಟಿಯಾಗಿ, ಗೆರೆಗಳು ಆಳವಾಗಿ ಉಳಿದಿದ್ದರೂ ಒದ್ದೆ ಡಾಂಬರಿನ ಮೇಲೆ ಜಾರುತ್ತದೆ. ಲೆಕ್ಕ ಹೀಗೆ ಇಡಬಹುದು: ಶೂ ಜೋಡಿಗೆ 350, ಕೇಬಲ್‌ಗೆ 180, ಬಿಚ್ಚಿ ಸ್ವಚ್ಛಮಾಡುವ ಕೂಲಿ 200, ಅಗತ್ಯ ಬಿದ್ದರೆ ಲೇತ್ ಕೆಲಸಕ್ಕೆ 300, ಟಯರ್ ಮತ್ತು ಟ್ಯೂಬಿಗೆ 1,500 ರೂಪಾಯಿ. ಊರಿನಿಂದ ಊರಿಗೆ ದರ ಸ್ವಲ್ಪ ಏರುಪೇರಾದರೂ ಒಟ್ಟು 2,500ರ ಆಸುಪಾಸಿನಲ್ಲಿ ಮುಗಿಯುತ್ತದೆ.

ಡಿಸ್ಕ್ ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. ನಿಮ್ಮ ಮಾದರಿಯಲ್ಲಿ ಕಂಪನಿಯೇ ಡಿಸ್ಕ್ ಇರುವ ಬೈಕನ್ನೂ ಮಾರಿದ್ದರೆ, ಅದರ ಚಕ್ರ, ಆಕ್ಸಲ್, ಕ್ಯಾಲಿಪರ್ (ಡಿಸ್ಕನ್ನು ಹಿಡಿಯುವ ಭಾಗ) ಕೂರುವ ಫೋರ್ಕಿನ ಕೆಳಭಾಗ, ಮಾಸ್ಟರ್ ಸಿಲಿಂಡರ್ (ಲಿವರ್ ಒತ್ತಿದಾಗ ಬ್ರೇಕ್ ಆಯಿಲನ್ನು ತಳ್ಳುವ ಭಾಗ), ಹೋಸ್ (ಆ ಆಯಿಲ್ ಹರಿಯುವ ಕೊಳವೆ), ಇವೆಲ್ಲವನ್ನೂ ಒಂದೇ ಜೋಡಣೆಯಾಗಿ ತಂದು ಹಾಕುವುದು ಸರಿಯಾದ ಕ್ರಮ. ಏಳು ಸಾವಿರದಲ್ಲಿ ಅವೆಲ್ಲ ಹೊಸದಾಗಿ ಬರುತ್ತವೆಯೇ ಎಂದು ಗ್ಯಾರೇಜಿನವರನ್ನು ಬಿಡಿಬಿಡಿಯಾಗಿ ಕೇಳಿ. ಇರುವ ಫೋರ್ಕಿಗೆ ಕಬ್ಬಿಣದ ಪಟ್ಟಿ ವೆಲ್ಡ್ ಮಾಡಿ ಬೇರೆ ಬೈಕಿನ ಕ್ಯಾಲಿಪರ್ ತೂಗುಹಾಕುವ ಕೆಲಸಕ್ಕೆ ಮಾತ್ರ ಖಂಡಿತ ಒಪ್ಪಬೇಡಿ. ಗಟ್ಟಿಯಾಗಿ ಬ್ರೇಕ್ ಹಿಡಿದ ಕ್ಷಣದಲ್ಲಿ ಪೂರ್ತಿ ಬಲ ಬೀಳುವುದು ಆ ವೆಲ್ಡಿಂಗ್ ಮೇಲೆಯೇ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ವಾಹನದ ಮೂಲ ವಿವರಗಳನ್ನು ಬದಲಿಸುವುದರ ಬಗ್ಗೆ ಇದೆ. ಆದ್ದರಿಂದ ಯಾವುದೇ ಮಾರ್ಪಾಟಿಗೆ ಮೊದಲು ಆರ್‌ಟಿಒ ಕಚೇರಿಯಲ್ಲಿಯೂ ವಿಮಾ ಕಂಪನಿಯಲ್ಲಿಯೂ ವಿಚಾರಿಸುವುದು ಕ್ಷೇಮ.

ಪ್ರಶ್ನೆ: ವಾರಕ್ಕೆ ಎರಡು ಬಾರಿ ಆಗುಂಬೆ ಘಾಟಿಯಲ್ಲಿ ಸೋಮೇಶ್ವರದ ಕಡೆಗೆ ಇಳಿಯುತ್ತೇನೆ. ಕೊನೆಯ ತಿರುವುಗಳ ಹೊತ್ತಿಗೆ ಡ್ರಮ್ ಬ್ರೇಕ್ ಸಡಿಲವಾದಂತೆ ಅನಿಸುತ್ತದೆ. ಕೆಳಗೆ ಹೋಗಿ ಸ್ವಲ್ಪ ಹೊತ್ತು ನಿಂತರೆ ಮತ್ತೆ ಸರಿಹೋಗುತ್ತದೆ. ಶೂ ಬದಲಿಸಬೇಕೆ?
(ಓದುಗರೊಬ್ಬರು, ಹೆಬ್ರಿ)

ಉತ್ತರ: ನೀವು ವಿವರಿಸಿರುವುದು ಬಿಸಿಯಿಂದ ಆಗುವ ದೌರ್ಬಲ್ಯ. ಆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಉದ್ದಕ್ಕೂ ಬ್ರೇಕ್ ಹಿಡಿದೇ ಇಳಿದರೆ ಡ್ರಮ್ ಕಾದು ಹಿಗ್ಗಿ ಶೂಗಳಿಂದ ದೂರ ಸರಿಯುತ್ತದೆ, ಲೈನಿಂಗ್ ಕೂಡ ಬಿಸಿಗೆ ಹಿಡಿತ ಕಳೆದುಕೊಳ್ಳುತ್ತದೆ. ಡಿಸ್ಕ್ ಬಯಲಿಗೆ ತೆರೆದಿರುವುದರಿಂದ ಬೇಗ ಆರುತ್ತದೆ, ಮುಚ್ಚಿದ ಡ್ರಮ್ಮಿಗೆ ಆ ಅನುಕೂಲ ಇಲ್ಲ. ನಿಮಗೆ ಇದರ ಪರಿಹಾರಕ್ಕೆ ಒಂದು ರೂಪಾಯಿಯೂ ಬೇಡ: ಇಳಿಜಾರು ಶುರುವಾಗುವ ಮೊದಲೇ ಎರಡನೇ ಗೇರಿಗೆ ಬನ್ನಿ, ಕ್ಲಚ್ ಹಿಡಿದು ಅಥವಾ ಎಂಜಿನ್ ಆರಿಸಿ ಪೆಟ್ರೋಲ್ ಉಳಿಸುವ ಅಭ್ಯಾಸ ಇದ್ದರೆ ಇಂದೇ ಬಿಡಿ, ತಿರುವಿಗೆ ಮುನ್ನ ಎರಡೂ ಬ್ರೇಕನ್ನು ಗಟ್ಟಿಯಾಗಿ ಹಿಡಿದು ವೇಗ ಇಳಿಸಿ ಪೂರ್ತಿ ಬಿಟ್ಟುಬಿಡಿ. ಮಳೆಗಾಲದಲ್ಲಿ ನೀರು ದಾಟಿದ ಮೇಲೆ ಸ್ವಲ್ಪ ದೂರ ಬ್ರೇಕನ್ನು ಹಗುರವಾಗಿ ಒತ್ತಿಕೊಂಡು ಸಾಗಿದರೆ ಒಳಗಿನ ತೇವ ಆರುತ್ತದೆ. ಹೀಗೆ ಮಾಡಿದ ಮೇಲೂ ಸಡಿಲವೆನಿಸಿದರೆ ಮೇಲಿನ ಪತ್ರಕ್ಕೆ ಬರೆದಂತೆ ಬಿಚ್ಚಿಸಿ ನೋಡಿ.

ಪ್ರಶ್ನೆ: ನನ್ನ 125 ಸಿಸಿ ಬೈಕಿಗೆ ಮುಂದೆ ಡಿಸ್ಕ್ ಇದೆ. ಆರು ವರ್ಷವಾಯಿತು. ಲಿವರ್ ಒತ್ತಿದರೆ ಸ್ಪಂಜು ಒತ್ತಿದ ಹಾಗೆ ಇರುತ್ತದೆ. ದೊಡ್ಡ ಡಿಸ್ಕ್ ಹಾಕಿಸಬೇಕೆ?
(ಓದುಗರೊಬ್ಬರು, ಹಾಸನ)

ಉತ್ತರ: ಬೇಡ. ಈ ಆರು ವರ್ಷಗಳಲ್ಲಿ ಬ್ರೇಕ್ ಆಯಿಲ್ ಬದಲಿಸಿದ ನೆನಪು ನಿಮಗಿದೆಯೇ? ಈ ದ್ರವ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ, ಆದ್ದರಿಂದ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಡಾಟ್ 4 ದರ್ಜೆಯ ಹೊಸ ದ್ರವ ಕುದಿಯಲು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಬೇಕು; ನೀರು ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯಬಹುದು. ದ್ರವ ಕುದಿದರೆ ಆವಿಯ ಗುಳ್ಳೆ ಏಳುತ್ತದೆ, ಗುಳ್ಳೆ ಕುಗ್ಗುವುದರಿಂದ ನಿಮ್ಮ ಬೆರಳಿನ ಬಲ ಡಿಸ್ಕನ್ನು ಒತ್ತುವ ಪ್ಯಾಡ್‌ವರೆಗೆ ತಲುಪುವುದಿಲ್ಲ. ಹೋಸಿನಲ್ಲಿ ಗಾಳಿ ಸೇರಿದ್ದರೂ ಇದೇ ಅನುಭವ ಆಗುತ್ತದೆ. ಹ್ಯಾಂಡಲಿನ ಮೇಲಿರುವ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳದ ಮೇಲೆ ಬರೆದ ದರ್ಜೆಯ ದ್ರವವನ್ನೇ, ನಿಮ್ಮೆದುರೇ ಸೀಲ್ ಒಡೆದ ಬಾಟಲಿಯಿಂದ ಹಾಕಿಸಿ, ಗಾಳಿ ಪೂರ್ತಿ ಹೊರಬರುವವರೆಗೆ ಬ್ಲೀಡಿಂಗ್ ಮಾಡಿಸಿ. ಜತೆಗೆ ಕ್ಯಾಲಿಪರಿನ ಜಾರುವ ಪಿನ್ನುಗಳನ್ನು ತೊಳೆದು ಗ್ರೀಸ್ ಹಾಕಿಸಿ, ಪ್ಯಾಡ್ ಸವೆದಿದ್ದರೆ ಬದಲಿಸಿ. ಇಷ್ಟಾದ ಮೇಲೂ ಲಿವರನ್ನು ಒತ್ತಿ ಹಿಡಿದಾಗ ಅದು ಮೆಲ್ಲಗೆ ಒಳಗೆ ಇಳಿಯುತ್ತ ಹೋದರೆ, ಹೊರಗೆ ಸೋರಿಕೆಯೂ ಕಾಣದಿದ್ದರೆ, ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ಸೀಲ್ ಹೋಗಿದೆ ಎಂದೇ ಊಹಿಸಬಹುದು. ಅಂಥ ಬೈಕನ್ನು ದುರಸ್ತಿಯಾಗುವ ತನಕ ರಸ್ತೆಗೆ ಇಳಿಸಬೇಡಿ.

ಪ್ರಶ್ನೆ: ಬೆಂಗಳೂರಿನಲ್ಲಿ ಊಟ ತಲುಪಿಸುವ ಕೆಲಸ ನನ್ನದು. ಬ್ರೇಕ್ ಹೋಸಿಗೆ ಜೋಡಿಸುವ ‘ಮಿನಿ ಎಬಿಎಸ್’ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಕೊಳ್ಳಬಹುದೇ?
(ಓದುಗರೊಬ್ಬರು, ಬೆಂಗಳೂರು)

ಉತ್ತರ: ಆ ಹಣವನ್ನು ಉಳಿಸಿಕೊಳ್ಳಿ. ನಿಜವಾದ ಎಬಿಎಸ್ ಚಕ್ರದ ವೇಗವನ್ನು ಸೆನ್ಸರಿನಿಂದ ಅಳೆದು, ಚಕ್ರ ನಿಂತುಬಿಡುವ ಹಂತದಲ್ಲಿ ಬ್ರೇಕಿನ ಒತ್ತಡವನ್ನು ಕ್ಷಣಕ್ಷಣಕ್ಕೆ ಇಳಿಸಿ ಏರಿಸುತ್ತದೆ. ನೀವು ಹೇಳಿದ ಪುಟ್ಟ ಬಿಲ್ಲೆಯಲ್ಲಿ ಸೆನ್ಸರೂ ಇಲ್ಲ, ಲೆಕ್ಕ ಹಾಕುವ ಯಂತ್ರವೂ ಇಲ್ಲ. ಅದು ಒತ್ತಡ ಏರುವುದನ್ನು ಸ್ವಲ್ಪ ಮೆತ್ತಗೆ ಮಾಡುತ್ತದೆ, ಅಷ್ಟೇ. ನಮ್ಮ ದೇಶದಲ್ಲಿ 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ಹೆಚ್ಚಿನ ಎಲ್ಲ ಹೊಸ ಬೈಕುಗಳಿಗೆ ಎಬಿಎಸ್ ಕಡ್ಡಾಯವಾಯಿತು, 125 ಸಿಸಿವರೆಗಿನವಕ್ಕೆ ಎರಡೂ ಚಕ್ರದ ಬ್ರೇಕನ್ನು ಕೂಡಿಸುವ ಸಿಬಿಎಸ್ ಸಾಕೆಂದಾಯಿತು. ನಿಮ್ಮದು ಸಿಬಿಎಸ್ ಇರುವ ಬೈಕಾದರೆ ಅದರ ಜೋಡಣೆಯ ಕೇಬಲ್ ಸಡಿಲವಾಗಿದೆಯೇ ಎಂದು ಸರ್ವಿಸಿನಲ್ಲಿ ಪರೀಕ್ಷೆ ಮಾಡಿಸಿ.

ನೀವು ದಿನವಿಡೀ ಗಡಿಬಿಡಿಯಲ್ಲಿ ಓಡಿಸುವವರು, ಆದ್ದರಿಂದ ಒಂದು ಲೆಕ್ಕ ಹೇಳುತ್ತೇನೆ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಒಂದು ಸೆಕೆಂಡಿಗೆ 11 ಮೀಟರ್ ಸಾಗುತ್ತೀರಿ. ಕಣ್ಣು ಕಂಡು ಕೈ ಬ್ರೇಕ್ ಹಿಡಿಯುವಷ್ಟರಲ್ಲಿ ಅಷ್ಟು ದೂರ ಹೋಗಿರುತ್ತದೆ. ವೇಗ 60 ಆದರೆ ಆ ದೂರ ಸುಮಾರು 17 ಮೀಟರ್, ಬ್ರೇಕ್ ಹಿಡಿದ ಮೇಲೆ ನಿಲ್ಲಲು ಬೇಕಾಗುವ ಜಾಗವಂತೂ ಎರಡು ಪಟ್ಟಿಗಿಂತ ಹೆಚ್ಚು. ಗಟ್ಟಿಯಾಗಿ ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದಿನ ಚಕ್ರಕ್ಕೆ ಸರಿಯುವುದರಿಂದ ಬೈಕನ್ನು ನಿಲ್ಲಿಸುವ ಹೆಚ್ಚಿನ ಕೆಲಸ ಮುಂದಿನ ಬ್ರೇಕಿನದೇ. ಆದರೂ ಬಿದ್ದೇವೆಂಬ ಹೆದರಿಕೆಯಿಂದ ಹಿಂದಿನ ಪೆಡಲನ್ನಷ್ಟೇ ತುಳಿಯುವವರು ಬಹಳ ಮಂದಿ. ಒಂದು ಭಾನುವಾರ ಬೆಳಿಗ್ಗೆ ಖಾಲಿ ಮೈದಾನದಲ್ಲಿ, ಹೆಲ್ಮೆಟ್ ಹಾಕಿಕೊಂಡು, ಹ್ಯಾಂಡಲ್ ನೇರವಾಗಿಟ್ಟು, 20ರ ವೇಗದಿಂದ ಶುರುಮಾಡಿ ಎರಡೂ ಬ್ರೇಕನ್ನು ಒಟ್ಟಿಗೆ, ಮುಂದಿನದನ್ನು ಜಗ್ಗದೆ ಹಿಂಡುತ್ತ ಹೋಗಿ ನಿಲ್ಲಿಸುವುದನ್ನು ಹತ್ತಾರು ಬಾರಿ ಅಭ್ಯಾಸ ಮಾಡಿ. ಮಳೆ ಬಂದ ಮರುದಿನ ಅದೇ ಮೈದಾನಕ್ಕೆ ಇನ್ನೊಮ್ಮೆ ಹೋಗಿ.