ಓದುಗರ ಪ್ರಶ್ನೆ: ಹಳೆ ಕಾರಿನ ಮರದ ಚೌಕಟ್ಟು

ಪ್ರಶ್ನೆ: 1930ರ ದಶಕದ ನಾಲ್ಕು ಬಾಗಿಲಿನ ಕಾರು. ಮೇಲೆ ತಗಡು, ಒಳಗೆ ಮರದ ಚೌಕಟ್ಟು. ಮುಂದಿನ ಬಾಗಿಲು ತೆರೆದರೆ ಜೋತುಬೀಳುತ್ತದೆ. ಬಿಜಾಗರಿಯ ಸ್ಕ್ರೂ ಎಷ್ಟು ಬಿಗಿ ಮಾಡಿದರೂ ಸುಮ್ಮನೆ ತಿರುಗುತ್ತದೆ. ಬಿಜಾಗರಿ ಕೂತಿರುವ ಮರದ ಕಂಬ ಬದಲಿಸಿದರೆ ಸಾಕೇ?

ಉತ್ತರ: ಕಂಬಕ್ಕಿಂತ ಮೊದಲು ಅದರ ಬುಡ ನೋಡಿ. ಕಿಟಕಿಯ ಗಾಜಿನ ಮೇಲಿಂದ ಇಳಿದ ನೀರು ಬಾಗಿಲ ಕೆಳಗಿನ ಹೊಸ್ತಿಲು ಪಟ್ಟಿಯ ಮೇಲೆ, ತಗಡಿಗೂ ಮರಕ್ಕೂ ನಡುವಿನ ಸಂದಿನಲ್ಲಿ ನಿಲ್ಲುತ್ತದೆ. ಹೊಸ್ತಿಲು ಲಡ್ಡಾದರೆ ಕಂಬದ ಕಾಲು ಕುಸಿಯುತ್ತದೆ, ಬಾಗಿಲು ವಾಲುತ್ತದೆ. ಚೂಪಾದ ದಬ್ಬಳದಿಂದ ಒತ್ತಿ ನೋಡಿ. ಕೈಬಲಕ್ಕೇ ಐದಾರು ಮಿ.ಮೀ. ಇಳಿದರೆ ಆ ಮರ ಹೋಯಿತು. ಹೊಸ್ತಿಲು ಹೋಗಿದ್ದರೆ ಮೊದಲು ಅದು, ಆಮೇಲೆ ಕಂಬ. ಲಡ್ಡು ಹಿಡಿದ ಹೊಸ್ತಿಲ ಮೇಲೆ ಹೊಸ ಕಂಬ ನಿಲ್ಲಿಸಿದರೆ ಸ್ವಲ್ಪ ದಿನದಲ್ಲೇ ಬಾಗಿಲು ಮತ್ತೆ ವಾಲುತ್ತದೆ.

ಈಗ ಬಹಳ ಜನ ಎಡವುವ ಜಾಗ. ಈ ಕಾಲದ ಇಂಥ ಬಾಡಿಯಲ್ಲಿ ಆಕಾರವನ್ನು ಹಿಡಿದಿರುವುದು ಮರ, ತಗಡಲ್ಲ. ಮರವನ್ನೆಲ್ಲ ಒಟ್ಟಿಗೆ ಬಿಚ್ಚಿದರೆ ತಗಡು ತನ್ನ ಪಾಡಿಗೆ ಸೊಟ್ಟಗಾಗುತ್ತದೆ, ಆಮೇಲೆ ಸರಿಯಾದ ಅಳತೆ ಎಲ್ಲಿಯೂ ಸಿಗುವುದಿಲ್ಲ. ಹಾಗಾಗಿ ಒಂದು ತುಂಡನ್ನೂ ಬಿಚ್ಚದೆ, ಬಾಗಿಲುಗಳು ಮುಚ್ಚಿರುವಾಗಲೇ ಬಾಡಿಗೂ ಚಾಸಿಸ್‌ಗೂ ನಡುವೆ ತೆಳು ಬೆಣೆ ಕೊಟ್ಟು ಬಾಗಿಲ ಸುತ್ತಲಿನ ಸಂದು ಸಮವಾಗುವಂತೆ ಮಾಡಿ. ನಾಲ್ಕೈದು ಮಿ.ಮೀ. ಇದ್ದರೆ ಒಳ್ಳೆಯದು. ನಂತರ 25 ಮಿ.ಮೀ. ಚೌಕದ ಕಬ್ಬಿಣದ ಕೊಳವೆಯನ್ನು ಪ್ರತಿ ಬಾಗಿಲಿಗೂ ಒಂದು ಓರೆಯಾಗಿ, ಎಡ ಬಲ ಕಂಬಗಳ ನಡುವೆ ಸೊಂಟದೆತ್ತರಕ್ಕೆ ಇನ್ನೊಂದು ಅಡ್ಡವಾಗಿ, ಗಟ್ಟಿ ಮರ ಇರುವಲ್ಲಿಗೆ ಬೋಲ್ಟ್ ಮಾಡಿ. ಕೊಳವೆ ಕಂಬದ ಒಳಮುಖಕ್ಕೆ ಇರಲಿ. ಆಗ ಬಾಗಿಲನ್ನು ಹಾಕಿ ತೆಗೆದು ಪರೀಕ್ಷಿಸಬಹುದು. ಬಾಗಿಲ ಚೌಕಟ್ಟಿನ ಎರಡೂ ಮೂಲೆಯಳತೆ (ಮೂಲೆಯಿಂದ ಎದುರು ಮೂಲೆಗೆ) ಬರೆದಿಡಿ. ಒಂದು ಬದಿಯ ಕೆಲಸ ಮುಗಿಯುವವರೆಗೆ ಇನ್ನೊಂದು ಬದಿ ಮುಟ್ಟಬೇಡಿ.

ಹಳೆ ತುಂಡು ಪುಡಿಯಾಗಿದ್ದರೂ ಎಸೆಯಬೇಡಿ. ಸ್ಕ್ರೂ ತೂತು, ಬಾಗಿಲ ತಾಳದ ಗುಂಡಿ ಎಲ್ಲಿತ್ತು ಎಂದು ಅದೇ ಹೇಳಬೇಕು. ಆದರೆ ಉದ್ದವನ್ನು ಮಾತ್ರ ಅದರಿಂದ ತೆಗೆಯಬೇಡಿ. ಒಣಗಿ, ತುದಿ ಸವೆದು ಅದು ಕಿರಿದಾಗಿರುತ್ತದೆ. ಉದ್ದ ಕಾರಿನ ಮೇಲೆಯೇ ಅಳೆಯಿರಿ. ಎದುರು ಬದಿ ಗಟ್ಟಿಯಿದ್ದರೆ ಅದರಿಂದ 6 ಮಿ.ಮೀ. ಪ್ಲೈವುಡ್‌ನಲ್ಲಿ ಮಾದರಿ ಕೊಯ್ದು ಮಗುಚಿ ಬಳಸಿ.

ಪ್ರಶ್ನೆ: ಸಾಗುವಾನಿ ಹಾಕಿದರೆ ಹುಳು ಹಿಡಿಯುವುದಿಲ್ಲವಲ್ಲ?

ಉತ್ತರ: ಬಾಳಿಕೆ ಬರುತ್ತದೆ, ನಿಜ. ಆದರೆ ಅದರ ಎಣ್ಣೆಯಂಶ ಅಂಟನ್ನು ಹಿಡಿಯಗೊಡುವುದಿಲ್ಲ. ಅಂಟಿಸುವ ಮುಖವನ್ನು ಅಂಟಿಸುವ ಸ್ವಲ್ಪ ಮುನ್ನ ಅಸಿಟೋನ್‌ನಿಂದ ಒರೆಸಬೇಕು. ಇಂಥ ಚೌಕಟ್ಟಿಗೆ ಆಶ್ ಎಂಬ ವಿದೇಶಿ ಮರವನ್ನು ಹಿಂದಿನವರು ಆರಿಸಿದ್ದು ಅದರ ಬಾಗಿ ನಿಲ್ಲುವ ಗುಣಕ್ಕೆ. ಏಟು, ಕುಲುಕಾಟ ತಡೆಯುತ್ತದೆ, ಸ್ಕ್ರೂವನ್ನು ಗಟ್ಟಿ ಹಿಡಿಯುತ್ತದೆ. ಬ್ರಿಟನ್ನಿನ ಮಾರ್ಗನ್ ಕಂಪನಿಯ ನಾಲ್ಕು ಚಕ್ರದ ಕಾರುಗಳಲ್ಲಿ ಇಂದಿಗೂ ಆಶ್ ಚೌಕಟ್ಟೇ. ಅದಕ್ಕೆ ಲಡ್ಡು ಬೇಗ ಹಿಡಿಯುತ್ತದೆ ಎಂಬುದೊಂದೇ ಕೊರತೆ. ಓಕ್ ಬೇಡ. ಅದರ ಆಮ್ಲ, ಟ್ಯಾನಿನ್ ಎಂಬ ಒಗರು ಅಂಶ ತಗಡನ್ನೂ ಮೊಳೆಯನ್ನೂ ತಿನ್ನುತ್ತವೆ.

ತೇವಾಂಶ ಶೇ. 10ರಿಂದ 12 ಇರಲಿ. ಮರದ ಎಳೆ ತುಂಡಿನ ಉದ್ದಕ್ಕೆ ನೇರ ಹೋಗಬೇಕು. ಬಾಗಿದ ತುಂಡನ್ನು ನೇರ ಹಲಗೆಯಿಂದ ಕೊಯ್ದರೆ ಎಳೆ ಓರೆಯಾಗಿ ತುದಿ ಮುಟ್ಟುವ ಕಡೆ ಸೀಳುತ್ತದೆ, ಅದೂ ಸ್ಕ್ರೂ ಇರುವಲ್ಲೇ. ಬಾಗಿದ ತುಂಡಿಗೆ 3 ಮಿ.ಮೀ. ಪಟ್ಟಿಗಳನ್ನು ಎಪಾಕ್ಸಿಯಿಂದ (ಎರಡು ದ್ರವ ಬೆರೆಸಿ ಬಳಸುವ ಗಟ್ಟಿ ಅಂಟು) ಅಚ್ಚಿನ ಮೇಲೆ ಒಂದಕ್ಕೊಂದು ಅಂಟಿಸಿ. ಬಿಚ್ಚಿದಾಗ ಸ್ವಲ್ಪ ಹಿಂದೆ ಸರಿಯುತ್ತದೆ, ಅಚ್ಚನ್ನು ಅಷ್ಟು ಹೆಚ್ಚು ಬಾಗಿಸಿಡಿ.

ಪ್ರಶ್ನೆ: ಲಡ್ಡಾದ ಮರಕ್ಕೆ ಎಪಾಕ್ಸಿ ಕುಡಿಸಿ ಗಟ್ಟಿ ಮಾಡಬಹುದಂತೆ?

ಉತ್ತರ: ಹೊಸ್ತಿಲು, ಕಂಬ, ಬಿಜಾಗರಿಯ ಜಾಗಕ್ಕೆ ಬೇಡ. ಎಪಾಕ್ಸಿ ಮೇಲಿನ ಪದರವನ್ನು ಕಲ್ಲು ಮಾಡುತ್ತದೆ, ಒಳಗೆ ತೇವ ಉಳಿದು ಕೊಳೆಯುವುದು ನಿಲ್ಲುವುದಿಲ್ಲ. ಭಾರ ಹೊರದ ಚಿಕ್ಕ ಪಟ್ಟಿಗೆ, ಸಡಿಲವಾದ ಒಂದೆರಡು ತೂತಿಗೆ ಸರಿ.

ಪ್ರಶ್ನೆ: ಬಾಗಿಲ ತಗಡಿನ ಅಂಚು ಮರದ ಸುತ್ತ ಮಡಿಸಿ ಮೊಳೆ ಹೊಡೆದಿದೆ. ಸೀಳದೆ ಬಿಡಿಸುವುದು ಹೇಗೆ?

ಉತ್ತರ: ಮೊಳೆಯ ತಲೆಯನ್ನು ಮೊದಲು ತೆಗೆಯಿರಿ. ಅಗಲ, ಮೊಂಡ ಉಳಿಯಿಂದ ಅಂಚನ್ನು ಒಂದಡಿಯಷ್ಟು ಉದ್ದಕ್ಕೆ ಸ್ವಲ್ಪ ಸ್ವಲ್ಪ ಎತ್ತುತ್ತ ಸುತ್ತು ಬನ್ನಿ, ಮೂರು ನಾಲ್ಕು ಸಲ. ಮರ ಹೊರಬರುವಷ್ಟು, ಅಂದರೆ ನೆಟ್ಟಗೆ ನಿಲ್ಲುವಷ್ಟು ಸಾಕು. ಅದಕ್ಕೂ ಆಚೆ ಬಗ್ಗಿಸಿದರೆ ಮಡಿಕೆಯಲ್ಲೇ ಬಿರುಕು. ಅಲ್ಯೂಮಿನಿಯಂ ಆಗಿದ್ದರೆ ಮರ ತೆಗೆದ ಮೇಲೆ ಅಂಚಿಗೆ ಸಾಬೂನು ಉಜ್ಜಿ ಬಿಸಿ ಮಾಡಿ. ಸಾಬೂನು ಕಪ್ಪಾದ ಕೂಡಲೇ ಬೆಂಕಿ ತೆಗೆಯಿರಿ. ಲೋಹ ಮೆತ್ತಗಾಗಿ ಮತ್ತೆ ಮಡಿಯುತ್ತದೆ.

ಪ್ರಶ್ನೆ: ಜೋಡಣೆಗೆ ಅಂಟು ಸಾಕೇ?

ಉತ್ತರ: ಅಂಟೂ ಬೇಕು, ಸ್ಕ್ರೂ ಕೂಡ ಬೇಕು. ಮೊದಲು ಅಂಟಿಲ್ಲದೆ ಸ್ಕ್ರೂನಲ್ಲೇ ಎಲ್ಲವನ್ನೂ ಕೂಡಿಸಿ, ಬಾಗಿಲು ಹಾಕಿ, ಸಂದು ನೋಡಿ. ಸರಿಯಿದ್ದರೆ ಬಿಚ್ಚಿ ಎಪಾಕ್ಸಿ ಹಚ್ಚಿ. ಮಾಮೂಲಿ ಬಿಳಿ ಅಂಟು ಸದಾ ಭಾರ ಬೀಳುವಲ್ಲಿ ನಿಧಾನಕ್ಕೆ ಜಾರುತ್ತದೆ. 4 ಮಿ.ಮೀ. ಸ್ಕ್ರೂಗೆ 3 ಮಿ.ಮೀ. ತೂತು ಕೊರೆದು ಸ್ಕ್ರೂವಿನ ಸುರುಳಿಗೆ ಮೇಣ ಹಚ್ಚಿ. ಹಿತ್ತಾಳೆ ಸ್ಕ್ರೂ ಗಟ್ಟಿ ಮರದಲ್ಲಿ ಮುರಿಯುತ್ತದೆ. ಅಡ್ಡ ಕೊಯ್ದ ತುದಿಗಳು ನೀರು ಹೀರುವುದು ಹೆಚ್ಚು, ಅಲ್ಲಿಗೆ ಮರ ರಕ್ಷಕ ದ್ರಾವಣ ಎರಡು ಸಲ, ಒಣಗಿದ ಮೇಲೆ ಬಣ್ಣ. ತಗಡು ಮರಕ್ಕೆ ತಾಗುವಲ್ಲೆಲ್ಲ ಮೇಣ ಹಚ್ಚಿದ ತೆಳು ಬಟ್ಟೆ ಇಟ್ಟರೆ ಕಿರುಗುಟ್ಟುವುದಿಲ್ಲ. ಬಾಗಿಲ ಅಡಿಯ ನೀರು ಹೋಗುವ ತೂತುಗಳನ್ನು ಮುಚ್ಚಬೇಡಿ.