ಮರಿ ಹಕ್ಕಿ ಕೆಳಗೆ ಬಿದ್ದಿದೆ, ಏನು ಮಾಡಲಿ ಡಾಕ್ಟ್ರೇ?

ಬೇಸಿಗೆ ಬಂತೆಂದರೆ ನಮ್ಮ ಕ್ಲಿನಿಕ್ಕಿಗೆ ಷೂ ಡಬ್ಬಗಳು ಬರಲು ಶುರುವಾಗುತ್ತವೆ. ಹಸು, ಆಡು, ನಾಯಿಗಳ ಸಾಲಿನ ನಡುವೆ ಯಾರೋ ಒಬ್ಬರು ಡಬ್ಬ ಹಿಡಿದು ನಿಂತಿರುತ್ತಾರೆ. ಮುಚ್ಚಳ ತೆಗೆದರೆ ಒಳಗೆ ಮುದುಡಿ ಕೂತ ಒಂದು ಮರಿ. “ಪಾಪ, ತಾಯಿ ಬಿಟ್ಟು ಹೋಗಿದೆ” ಅನ್ನುವ ಮಾತು ಡಬ್ಬದ ಜೊತೆಗೇ ಬರುತ್ತದೆ. ಈ ಸಲದ ಪತ್ರಗಳಲ್ಲೂ ಇದೇ ಜಾಸ್ತಿ. ಹಾಗಾಗಿ ಈ ಸಂಚಿಕೆಯ ಜಾಗವನ್ನೆಲ್ಲ ಹಕ್ಕಿ ಮರಿಗಳಿಗೇ ಕೊಟ್ಟಿದ್ದೇನೆ. ಹಸುವಿನ ಕೆಚ್ಚಲು ಬಾವಿನ ಬಗ್ಗೆ ಕೇಳಿದವರಿಗೆ ಮುಂದಿನ ಸಂಚಿಕೆಯಲ್ಲಿ ಉತ್ತರ ಬರೆಯುತ್ತೇನೆ. ಆದರೆ ಚಿಕಿತ್ಸೆಗೆ ಅಲ್ಲೀವರೆಗೆ ಕಾಯಬೇಡಿ, ಇವತ್ತೇ ಹತ್ತಿರದ ಪಶು ಆಸ್ಪತ್ರೆಗೆ ಹೊಡೆದುಕೊಂಡು ಹೋಗಿ.

ಪ್ರಶ್ನೆ: ನಮ್ಮ ಬಾಲ್ಕನಿಯ ದಾಸವಾಳದ ಕುಂಡದಲ್ಲಿ ಪಿಕಳಾರ ಗೂಡು ಕಟ್ಟಿತ್ತು. ಎರಡು ಮರಿ. ನಿನ್ನೆ ಬೆಳಗ್ಗೆ ಒಂದು ಮರಿ ನೆಲದ ಮೇಲೆ ಕೂತಿತ್ತು, ಹಾರಲು ಬರುತ್ತಿಲ್ಲ. ಗೂಡಿಗೆ ಎತ್ತಿಟ್ಟರೂ ಮತ್ತೆ ಕೆಳಗೆ ಹಾರಿತು. ತಾಯಿ ಕಾಣಿಸುತ್ತಿಲ್ಲ. ಒಳಗೆ ತಂದು ಬುಟ್ಟಿ ಮುಚ್ಚಿ ಇಟ್ಟಿದ್ದೇನೆ. ಇಂಕ್ ಫಿಲ್ಲರಿನಲ್ಲಿ ಹಾಲು ಕೊಡಬಹುದೇ?
— ಗೃಹಿಣಿ, ಮೈಸೂರು

ಉತ್ತರ: ನಿಮಗೆ ಫೋನಿನಲ್ಲೇ ಉತ್ತರ ಹೇಳಿದ್ದೆ. ಬೇರೆಯವರಿಗೂ ಬೇಕಾಗುತ್ತದೆ ಅಂತ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಹಾಲು ಬೇಡ. ಹಾಲು ಕುಡಿದು ಬೆಳೆಯುವುದು ನಮ್ಮಂಥ ಪ್ರಾಣಿಗಳು. ಹಕ್ಕಿಯ ಹೊಟ್ಟೆಗೆ ಹಾಲು ಜೀರ್ಣವಾಗುವುದಿಲ್ಲ. ನೀರೂ ಬೇಡ. ಮರಿ ಬಾಯಿ ತೆರೆದಾಗ ಒಮ್ಮೆ ನೋಡಿ. ನಾಲಿಗೆಯ ಬುಡದಲ್ಲಿ ಒಂದು ಸಣ್ಣ ಸೀಳು ತೆರೆದು ಮುಚ್ಚುತ್ತಾ ಇರುತ್ತದೆ. ಅದು ಉಸಿರಿನ ಕೊಳವೆಯ ಬಾಯಿ. ಫಿಲ್ಲರಿನಿಂದ ಹಾಕಿದ ಹನಿ ನೇರವಾಗಿ ಅದರೊಳಗೆ ಹೋಗಿಬಿಡುತ್ತದೆ. ನನ್ನ ಹತ್ತಿರ ಬರುವ ಮರಿಗಳಲ್ಲಿ ಹಸಿವಿನಿಂದ ಸಾಯುವುದು ಕಡಿಮೆ. ಪ್ರೀತಿಯಿಂದ ನೀರು ಕುಡಿಸಿ ಶ್ವಾಸಕೋಶ ತುಂಬಿಸಿಕೊಂಡು ಬಂದವು ಜಾಸ್ತಿ. ಇದನ್ನು ಬರೆಯುವಾಗಲೂ ಸಂಕಟವಾಗುತ್ತದೆ. ಮರಿಗೆ ಬೇಕಾದ ನೀರು ತಾಯಿ ತಂದುಕೊಡುವ ಹುಳುವಿನಲ್ಲೇ ಇರುತ್ತದೆ.

ಇನ್ನು, ನಿಮ್ಮ ಮರಿ ಬಿದ್ದಿದ್ದಲ್ಲ, ಗೂಡು ಬಿಟ್ಟಿದ್ದು. ಪಿಕಳಾರದ ಮರಿಗಳು ಮೊಟ್ಟೆಯೊಡೆದು ಎರಡು ವಾರ ಆಗುವುದರೊಳಗೇ ಗೂಡಿನಿಂದ ಹೊರಗೆ ಬರುತ್ತವೆ. ಆಗ ಮೈತುಂಬ ಗರಿ ಇರುತ್ತದೆ, ಬಾಲ ಮಾತ್ರ ಮೊಟಕು. ನೀವು ಕಳಿಸಿದ ಫೋಟೋದಲ್ಲಿ ಕೊಕ್ಕಿನ ಎರಡೂ ಮೂಲೆಯಲ್ಲಿ ಹಳದಿ ಅಂಚು ಇನ್ನೂ ಇತ್ತು. ಕೆನ್ನೆಯ ಕೆಂಪು ಬಂದಿರಲಿಲ್ಲ, ಬಾಲದ ಕೆಳಗೆ ಕೆಂಪಿನ ಬದಲು ತೆಳು ಕಿತ್ತಳೆ ಬಣ್ಣ. ಇದೆಲ್ಲ ಆರೋಗ್ಯವಾಗಿರುವ ಮರಿಯ ಲಕ್ಷಣ. ಇಂಥ ಮರಿ ಕೆಲವು ದಿನ ನೆಲದ ಮೇಲೆ, ಕುಂಡದ ಸಂದಿಯಲ್ಲಿ, ಬೇಲಿಯೊಳಗೆ ಕುಪ್ಪಳಿಸಿಕೊಂಡೇ ರೆಕ್ಕೆ ಬಲಪಡಿಸಿಕೊಳ್ಳುತ್ತದೆ. ಅಷ್ಟೂ ದಿನ ಅಪ್ಪ ಅಮ್ಮ ಇಬ್ಬರೂ ಹುಡುಕಿಕೊಂಡು ಬಂದು ತುತ್ತು ಕೊಡುತ್ತಾರೆ. ಗೂಡಿಗೆ ಎಷ್ಟು ಸಲ ಎತ್ತಿಟ್ಟರೂ ಅದು ಇಳಿದು ಬರುತ್ತದೆ. ಅದಕ್ಕೆ ಗೂಡಿನ ಕೆಲಸ ಮುಗಿದಿದೆ.

ತಾಯಿ ಕಾಣದಿರಲು ಕಾರಣ ನೀವು ಅಲ್ಲೇ ನಿಂತಿದ್ದು. ಬಾಲ್ಕನಿಯ ಬಾಗಿಲು ಹಾಕಿ, ಪರದೆ ಎಳೆದು, ಸಂದಿಯಿಂದ ಒಂದು ಗಂಟೆ ನೋಡಿ. ಮೊದಲು ಎದುರಿನ ತಂತಿಯ ಮೇಲೆ ಕೂತು ಒಂದು ಸಲ ಕೂಗುತ್ತದೆ. ಮರಿ ಸಣ್ಣ ದನಿಯಲ್ಲಿ ಉತ್ತರ ಕೊಡುತ್ತದೆ. ಆಮೇಲೆ ಕೊಕ್ಕಿನಲ್ಲಿ ಹಸಿರು ಹುಳು ಹಿಡಿದುಕೊಂಡು ಇಳಿದು ಬಂದು, ತಿನ್ನಿಸಿ, ಕ್ಷಣದಲ್ಲಿ ಹೋಗಿಬಿಡುತ್ತದೆ. ಕಣ್ಣು ಮಿಟುಕಿಸಿದರೆ ತಪ್ಪಿಹೋಗುತ್ತದೆ. ಗೂಡಿನಲ್ಲಿ ಉಳಿದ ಮರಿಯನ್ನು ನೋಡುತ್ತಿದ್ದರೆ ಇನ್ನೊಂದು ಕಾಣಬಹುದು. ತುತ್ತು ನುಂಗಿದ ಮರಿ ಹಿಂದೆ ತಿರುಗಿ ಬಿಳಿ ಚೀಲದಂಥ ಹಿಕ್ಕೆ ಹಾಕುತ್ತದೆ, ತಾಯಿ ಅದನ್ನು ಕೊಕ್ಕಿನಲ್ಲೇ ಎತ್ತಿಕೊಂಡು ಹೋಗಿ ದೂರ ಎಸೆಯುತ್ತದೆ. ಗೂಡು ಚೊಕ್ಕಟವಾಗಿರಬೇಕಲ್ಲ, ವಾಸನೆಗೆ ಹಾವು, ಇರುವೆ ಬರಬಾರದಲ್ಲ. ಇಷ್ಟು ಜೋಪಾನ ಮಾಡುವ ಹಕ್ಕಿ ಮರಿಯನ್ನು ಸುಮ್ನೆ ಬಿಟ್ಟು ಹೋಗುತ್ತದಾ ಹೇಳಿ.

ಬುಟ್ಟಿ ತೆಗೆಯಿರಿ. ಮರಿಯನ್ನು ಅದೇ ಕುಂಡದ ನೆರಳಿಗೆ ಬಿಡಿ. ಸಾಕು ಬೆಕ್ಕು ಇದ್ದರೆ ಒಂದು ವಾರ ಒಳಗೇ ಇರಲಿ.

ಪ್ರಶ್ನೆ: ಡಾಕ್ಟರ್ ಆಂಟಿ, ನಾನು ಆರನೇ ಕ್ಲಾಸು. ಮನೆ ಹಿಂದೆ ನಿಂಬೆ ಗಿಡದ ಕೆಳಗೆ ಗರಿಯೇ ಇಲ್ಲದ ಮರಿ ಬಿದ್ದಿತ್ತು. ಗೂಡಿನಲ್ಲಿ ಇಡೋಣ ಅಂದರೆ ಅಜ್ಜಿ ಬೇಡ ಅಂದರು. ಮನುಷ್ಯರು ಮುಟ್ಟಿದರೆ ತಾಯಿ ಹಕ್ಕಿ ಸೇರಿಸಲ್ಲವಂತೆ. ನಿಜವಾ?
— ವಿದ್ಯಾರ್ಥಿನಿ, ತಿಪಟೂರು

ಉತ್ತರ: ನಿಜ ಅಲ್ಲ ಪುಟ್ಟಿ. ಈ ಮಾತು ಊರೂರಲ್ಲೂ ಇದೆ. ಮರಿಗಳನ್ನು ಮಕ್ಕಳು ಸುಮ್ಮನೆ ಹಿಡಿದು ಆಡಬಾರದು ಅಂತ ಹಿರಿಯರು ಹೇಳಿರಬೇಕು, ಅಜ್ಜಿಯ ಮೇಲೆ ಬೇಜಾರು ಮಾಡಿಕೊಳ್ಳಬೇಡ. ಆದರೆ ನಮ್ಮ ತೋಟದ ಹಕ್ಕಿಗಳು ತಮ್ಮ ಮರಿಯನ್ನು ಗುರುತಿಸುವುದು ವಾಸನೆಯಿಂದ ಅಲ್ಲ. ಗೂಡಿನ ಜಾಗ, ಮರಿಯ ಕೂಗು, ತೆರೆದ ಬಾಯಿ, ಇವೇ ಅವಕ್ಕೆ ಗುರುತು.

ಗರಿ ಬರದ ಮರಿ ನೆಲದ ಮೇಲಿದ್ದರೆ ಅದು ನಿಜವಾಗಿಯೂ ಕಷ್ಟದಲ್ಲಿದೆ. ಕೈ ತೊಳೆದುಕೊಂಡು, ಮೆಲ್ಲಗೆ ಎತ್ತಿ ಅಂಗೈಯಲ್ಲಿಟ್ಟು ನೋಡು. ತಣ್ಣಗಿದ್ದರೆ ಎರಡೂ ಕೈ ಮುಚ್ಚಿ ಸ್ವಲ್ಪ ಹೊತ್ತು ಬೆಚ್ಚಗೆ ಹಿಡಿದುಕೋ. ತಣ್ಣಗಿರುವ ಮರಿ ಬಾಯಿ ತೆರೆಯುವುದಿಲ್ಲ. ಬಾಯಿ ತೆರೆಯದ ಮರಿಗೆ ತಾಯಿ ತುತ್ತು ಕೊಡುವುದಿಲ್ಲ. ಬೆಚ್ಚಗಾದ ಮೇಲೆ ಗೂಡಿಗೆ ಇಡು. ಗೂಡು ಎತ್ತರದಲ್ಲಿದ್ದರೆ ದೊಡ್ಡವರನ್ನು ಕರೆ, ನೀನು ಹತ್ತಬೇಡ.

ಗೂಡೇ ಕಿತ್ತು ಬಿದ್ದಿದ್ದರೆ? ಸಣ್ಣ ಬುಟ್ಟಿ ಅಥವಾ ತಳಕ್ಕೆ ತೂತು ಹಾಕಿದ ಪ್ಲಾಸ್ಟಿಕ್ ಡಬ್ಬ ತಗೋ. ತೂತು ಇಲ್ಲದಿದ್ದರೆ ಮಳೆ ನೀರು ನಿಂತು ಮರಿ ಮುಳುಗುತ್ತದೆ. ಒಳಗೆ ಒಣ ಹುಲ್ಲು ಹಾಸು. ನೂಲು, ಹತ್ತಿ, ತೆಂಗಿನ ನಾರು ಬೇಡ, ಕಾಲಿಗೆ ಸುತ್ತಿಕೊಳ್ಳುತ್ತದೆ. ಅದೇ ಗಿಡದಲ್ಲಿ, ಹಳೇ ಗೂಡು ಇದ್ದ ಜಾಗಕ್ಕೆ ಆದಷ್ಟು ಹತ್ತಿರ, ನೆರಳಿನಲ್ಲಿ ಬಿಗಿಯಾಗಿ ಕಟ್ಟಿಸು. ಆಮೇಲೆ ದೂರದಿಂದ ನೋಡು. ಕತ್ತಲಾಗುವ ತನಕ ಒಂದು ಹಕ್ಕಿಯೂ ಬರಲಿಲ್ಲ ಅಂದರೆ ಮರಿಯನ್ನು ಒಳಗೆ ತಂದು ಬೆಚ್ಚಗಿಟ್ಟು, ಅಪ್ಪ ಅಮ್ಮನ ಹತ್ತಿರ ಹೇಳಿ 1926ಕ್ಕೆ ಫೋನ್ ಮಾಡಿಸು. ಅದು ಅರಣ್ಯ ಇಲಾಖೆಯ ಸಹಾಯವಾಣಿ.

ಪ್ರಶ್ನೆ: ನಮ್ಮ ಬೀದಿಯಲ್ಲಿ ಒಂದು ಕಾಗೆ ನನ್ನ ತಲೆಗೇ ಕುಕ್ಕುತ್ತಿದೆ. ಬೇರೆಯವರನ್ನೂ ಬಿಡುತ್ತಿಲ್ಲ. ಶನಿಕಾಟ ಇರಬಹುದು, ಶಾಂತಿ ಮಾಡಿಸಿ ಅನ್ನುತ್ತಾರೆ. ಅಲ್ಲೇ ಚರಂಡಿ ಪಕ್ಕ ಒಂದು ಕಾಗೆ ಮರಿಯೂ ಇದೆ, ಅನಾಥವಾಗಿರಬೇಕು.
— ನಿವೃತ್ತ ನೌಕರರು, ಹಾಸನ

ಉತ್ತರ: ಸ್ವಾಮಿ, ನಿಮ್ಮ ಎರಡೂ ಪ್ರಶ್ನೆಗೆ ಒಂದೇ ಉತ್ತರ. ಕುಕ್ಕುತ್ತಿರುವುದು ಆ ಮರಿಯ ಅಪ್ಪನೋ ಅಮ್ಮನೋ. ಮರಿ ಅನಾಥವಾಗಿದ್ದರೆ ನಿಮ್ಮ ತಲೆಗೆ ಯಾರೂ ಕುಕ್ಕುತ್ತಿರಲಿಲ್ಲ. ಹತ್ತಿರದಿಂದ ನೋಡಿದರೆ ಮರಿಯ ಕಣ್ಣು ನೀಲಿ ಬೂದು, ಬಾಯಿಯೊಳಗೆ ಕೆಂಪು. ದೊಡ್ಡ ಕಾಗೆಗೆ ಎರಡೂ ಕಪ್ಪು. ಅದು ಈಗ ತಾನೇ ಗೂಡು ಬಿಟ್ಟಿದೆ. ಹತ್ತು ಹದಿನೈದು ದಿನ ಕೊಡೆ ಹಿಡಿದು ನಡೆಯಿರಿ, ಕಾಗೆ ಹಿಂದಿನಿಂದ ಬಂದು ಕುಕ್ಕುತ್ತದೆ. ಮರಿ ಚರಂಡಿಗೆ ಬೀಳುವ ಹಾಗಿದ್ದರೆ ಹೆಲ್ಮೆಟ್ ಹಾಕಿಕೊಂಡು, ಟವೆಲ್ಲಿನಲ್ಲಿ ಹಿಡಿದು, ಪಕ್ಕದ ಕಾಂಪೌಂಡ್ ಗೋಡೆಯ ಮೇಲೆ ಕೂರಿಸಿ. ಗಲಾಟೆ ಜೋರಾಗುತ್ತದೆ, ಅದು ಒಳ್ಳೆಯದೇ.

ಪ್ರಶ್ನೆ: ಬೆಕ್ಕು ಬಾಯಲ್ಲಿ ಕಚ್ಚಿಕೊಂಡು ಬಂದ ಮಡಿವಾಳ ಹಕ್ಕಿಯ ಮರಿಯನ್ನು ಬಿಡಿಸಿಕೊಂಡೆ. ರಕ್ತ ಇಲ್ಲ, ಚುರುಕಾಗಿದೆ. ಬಿಟ್ಟುಬಿಡಲಾ?
— ಉಪನ್ಯಾಸಕಿ, ಶಿರಸಿ

ಉತ್ತರ: ಬಿಡಬೇಡಿ. ಅಪ್ಪ ಅಮ್ಮ ಮರದ ಮೇಲೆ ಕೂತು ಕರೆಯುತ್ತಿದ್ದರೂ ಬಿಡಬೇಡಿ. ಬೆಕ್ಕಿನ ಹಲ್ಲಿನ ಗಾಯ ಗರಿಯೊಳಗೆ ಸೂಜಿ ಮೊನೆಯಷ್ಟು ಇರುತ್ತದೆ, ಹುಡುಕಿದರೂ ಸಿಗುವುದಿಲ್ಲ. ಆದರೆ ಎಂಜಲಿನಲ್ಲಿರುವ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿದರೆ ಇವತ್ತು ಚುರುಕಾಗಿರುವ ಮರಿ ನಾಳೆ ನಾಡಿದ್ದರಲ್ಲಿ ಹೋಗಿಬಿಡುತ್ತದೆ. ಅದೇ ದಿನ ಆ್ಯಂಟಿಬಯಾಟಿಕ್ ಶುರುವಾಗಬೇಕು. ಪ್ರಮಾಣ ಮರಿಯ ತೂಕದ ಮೇಲೆ ಹೋಗುತ್ತದೆ, ಮನೆಯಲ್ಲಿರುವ ಮಾತ್ರೆ ಅರೆದು ಕೊಡಬೇಡಿ.

ಕರೆದುಕೊಂಡು ಹೋಗುವ ತನಕ ರಟ್ಟಿನ ಡಬ್ಬಕ್ಕೆ ಗಾಳಿಯಾಡಲು ತೂತು ಮಾಡಿ, ಹಳೇ ಹತ್ತಿ ಬಟ್ಟೆ ಹಾಸಿ. ಒಂದು ಬದಿಗೆ ಮಾತ್ರ ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿ ಇಡಿ, ಸೆಖೆಯಾದರೆ ಮರಿ ಈಚೆ ಬದಿಗೆ ಸರಿಯಲಿ. ಮುಚ್ಚಳ ಹಾಕಿ, ಕತ್ತಲು ಇರಲಿ. ಪದೇ ಪದೇ ತೆಗೆದು ನೋಡಬೇಡಿ, ಮಕ್ಕಳಿಗೆ ತೋರಿಸಬೇಡಿ. ಮುಟ್ಟಿದಾಗ ಅಲ್ಲಾಡದೆ ಕೂತರೆ ಸಾಧು ಅಂತ ತಿಳಿಯಬೇಡಿ, ಅದು ಹೆದರಿ ಮರಗಟ್ಟಿದೆ.

ಪ್ರಶ್ನೆ: ಉಳುವಾಗ ಟಿಟ್ಟಿಭದ ಮರಿ ಒಂದು ಸಿಕ್ಕಿತು. ಪಕ್ಕದಲ್ಲಿ ಗೂಡೂ ಇಲ್ಲ, ತಾಯಿಯೂ ಇಲ್ಲ. ಮನೆಯ ಕೋಳಿ ಮರಿಗಳ ಜೊತೆ ಬಿಟ್ಟಿದ್ದೇವೆ.
— ರೈತರು, ಚಳ್ಳಕೆರೆ

ಉತ್ತರ: ಟಿಟ್ಟಿಭಕ್ಕೆ ಕಟ್ಟಿದ ಗೂಡು ಅಂತ ಇಲ್ಲ. ಬಯಲಲ್ಲಿ ಸಣ್ಣ ಗುಳಿ ಮಾಡಿ ಮೊಟ್ಟೆ ಇಡುತ್ತದೆ. ಮರಿ ಹುಟ್ಟಿದ ದಿನವೇ ಓಡಾಡಿ ತಾನೇ ಹುಳು ಹೆಕ್ಕುತ್ತದೆ. ತಾಯಿ ಎಚ್ಚರಿಕೆ ಕೊಟ್ಟ ಕೂಡಲೇ ನೆಲಕ್ಕೆ ಅಂಟಿ ಹೆಂಟೆಯ ಹಾಗೆ ಕೂತುಬಿಡುತ್ತದೆ. ನಿಮ್ಮ ಕೈಗೆ ಸಿಕ್ಕಿದ್ದು ಆಗಲೇ. ನೀವು ಉಳುವಾಗ ತಲೆ ಮೇಲೆ ಅರಚುತ್ತಾ ಸುತ್ತುತ್ತಿತ್ತಲ್ಲ, ಅದೇ ತಾಯಿ. ಕೋಳಿ ಅದನ್ನು ತನ್ನದು ಅನ್ನುವುದಿಲ್ಲ, ಕುಕ್ಕಿ ಕೊಲ್ಲುವುದೇ ಹೆಚ್ಚು. ಈಗಲೇ ಅದೇ ಹೊಲಕ್ಕೆ ತಂದು, ಉಳದೇ ಬಿಟ್ಟ ಬದುವಿನ ಹತ್ತಿರ ಇಟ್ಟು, ಟ್ರ್ಯಾಕ್ಟರ್ ಆಫ್ ಮಾಡಿ ದೂರ ಹೋಗಿ. ಮುಂದಿನ ಸಲ ಮೊಟ್ಟೆ ಕಂಡರೆ ಸುತ್ತ ಒಂದು ಮೊಳ ಜಾಗ ಬಿಟ್ಟು ಉಳಿ. ಬೆಳೆಗೆ ಅದರಿಂದ ಏನೂ ನಷ್ಟವಿಲ್ಲ.

ಪ್ರಶ್ನೆ: ಗಾಳಿ ಮಳೆಗೆ ನಮ್ಮೂರಿನ ಹುಣಸೆ ಮರದ ಕೊಂಬೆ ಮುರಿದು ಬೆಳ್ಳಕ್ಕಿ ಮರಿಗಳು ಕೆಳಗೆ ಬಿದ್ದಿವೆ. ಗೂಡುಗಳು ತುಂಬ ಎತ್ತರ. ಪ್ರಕೃತಿಯ ನಿಯಮ, ಬಿಡಿ ಅನ್ನುತ್ತಾರೆ ಕೆಲವರು.
— ಗ್ರಾಮಸ್ಥರು, ಮಂಡ್ಯ ಜಿಲ್ಲೆ

ಉತ್ತರ: ಬಿಡಬೇಡಿ. ನಿಮ್ಮ ಜಿಲ್ಲೆಯಲ್ಲೇ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು ಇದೆ. ಅಲ್ಲಿ ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆಗಳು ಮನೆ ಪಕ್ಕದ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಮರದಿಂದ ಬಿದ್ದ ಮರಿಗಳನ್ನು ಊರಿನ ಹೆಜ್ಜಾರ್ಲೆ ಬಳಗದವರು ಬೇಲಿಯೊಳಗೆ ಇಟ್ಟು, ಮೀನು ಕೊಟ್ಟು ಸಾಕಿ ಹಾರಲು ಬಿಟ್ಟಿದ್ದಾರೆ. 2007ರಲ್ಲಿ ಆ ಊರು ಸಮುದಾಯ ಮೀಸಲು ಪ್ರದೇಶವಾಯಿತು. ಊರಿನವರು ಮನಸ್ಸು ಮಾಡಿದರೆ ಏನಾಗುತ್ತದೆ ಅಂತ ಅಲ್ಲಿಗೆ ಹೋಗಿ ನೋಡಬಹುದು.

ಬೆಳ್ಳಕ್ಕಿ ಮರಿ ಎತ್ತುವಾಗ ಮುಖ ದೂರ ಇಟ್ಟುಕೊಳ್ಳಿ. ಅವು ಹೊಳೆಯುವ ಕಣ್ಣಿಗೇ ಗುರಿಯಿಟ್ಟು ಚುಚ್ಚುತ್ತವೆ. ಕನ್ನಡಕ ಹಾಕಿಕೊಂಡು, ಮೇಲಿನಿಂದ ಟವೆಲ್ ಹೊದಿಸಿ ಹಿಡಿಯಿರಿ. ಹೆದರಿಕೆಗೆ ತಿಂದ ಮೀನನ್ನೆಲ್ಲ ಕಕ್ಕುತ್ತವೆ, ರೋಗ ಅಂತ ಗಾಬರಿಯಾಗಬೇಡಿ. ರೆಕ್ಕೆ ಜೋತಿರುವುದು, ಕಾಲು ಊರದಿರುವುದು ಕಂಡರೆ ಅವನ್ನು ಬೇರೆ ಡಬ್ಬದಲ್ಲಿ ಇಡಿ. 1926ಕ್ಕೆ ಹೇಳಿ, ವಲಯ ಅರಣ್ಯಾಧಿಕಾರಿಗಳಿಗೂ ಹೇಳಿ. ಬೆಂಗಳೂರಿನ ಸುತ್ತಮುತ್ತ ಇರುವವರಿಗೆ ಕೆಂಗೇರಿ ಕಡೆಯ ಪೀಪಲ್ ಫಾರ್ ಅನಿಮಲ್ಸ್ ಸಂಸ್ಥೆಯ ವನ್ಯಜೀವಿ ಆಸ್ಪತ್ರೆ ಇದೆ. ಮತ್ತೆ ಒಂದು ಕೋರಿಕೆ. ಆ ಮರದ ಉಳಿದ ಕೊಂಬೆಗಳನ್ನು ಮರಿಗಳು ಹಾರುವ ತನಕ ಕಡಿಯಲು ಬಿಡಬೇಡಿ.

ಪ್ರಶ್ನೆ: ಮರದ ಪೊಟರೆಯಿಂದ ಬಿದ್ದಿದ್ದ ಗಿಳಿ ಮರಿಯನ್ನು ಹೋದ ವರ್ಷ ತಂದು ಸಾಕಿದೆವು. ಈಗ ಮನೆ ಮಗುವಾಗಿದೆ. ಇಟ್ಟುಕೊಳ್ಳುವುದು ತಪ್ಪು ಅಂತ ಪಕ್ಕದ ಮನೆಯವರು ಹೇಳಿದರು. ಹಾರಿಸಿಬಿಡೋಣವೇ?
— ದಂಪತಿ, ಧಾರವಾಡ

ಉತ್ತರ: ಅವರು ಹೇಳಿದ್ದು ಸರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮ ಕಾಡುಗಿಳಿಯನ್ನು ಪಂಜರದಲ್ಲಿ ಸಾಕುವಂತಿಲ್ಲ. ನೀವು ಜೀವ ಉಳಿಸಿದಿರಿ, ಅದರಲ್ಲಿ ಎರಡು ಮಾತಿಲ್ಲ. ಕಳಿಸಿಕೊಡುವುದು ಕಷ್ಟ ಅಂತಲೂ ಗೊತ್ತು.

ಆದರೆ ಸುಮ್ನೆ ಬಾಗಿಲು ತೆಗೆದು ಹಾರಿಸಬೇಡಿ. ಮನೆಯಲ್ಲೇ ಬೆಳೆದ ಗಿಳಿಗೆ ಹದ್ದು ಅಂದರೆ ಏನು, ಬೆಕ್ಕು ಅಂದರೆ ಏನು ಅಂತ ಗೊತ್ತಿರುವುದಿಲ್ಲ. ಯಾವ ಮರದ ಹಣ್ಣು ತಿನ್ನಬೇಕು ಅನ್ನುವುದೂ ತಿಳಿಯದು. ಅಪರಿಚಿತರ ಭುಜದ ಮೇಲೆ ಹೋಗಿ ಕೂರುತ್ತದೆ. ಅರಣ್ಯ ಇಲಾಖೆಗೆ ಫೋನ್ ಮಾಡಿ, ನಡೆದದ್ದನ್ನು ಇದ್ದ ಹಾಗೆ ಹೇಳಿ, ಪುನರ್ವಸತಿ ಕೇಂದ್ರಕ್ಕೆ ಒಪ್ಪಿಸಿ. ಅಲ್ಲಿ ದೊಡ್ಡ ಜಾಲರಿ ಮನೆಯಲ್ಲಿ ಬೇರೆ ಗಿಳಿಗಳ ಜೊತೆ ಬಿಟ್ಟು, ಹಾರಾಟ ಕಲಿತ ಮೇಲೆ ಹೊರಗೆ ಬಿಡುತ್ತಾರೆ. ಕೊಡುವಾಗ ಅದು ದಿನಾ ಏನು ತಿನ್ನುತ್ತಿತ್ತು, ಎಷ್ಟು ಹೊತ್ತಿಗೆ ತಿನ್ನುತ್ತಿತ್ತು ಅಂತ ಒಂದು ಚೀಟಿಯಲ್ಲಿ ಬರೆದುಕೊಡಿ. ಮೊದಲ ಕೆಲವು ದಿನ ಹೊಸ ಜಾಗದಲ್ಲಿ ಗಿಳಿ ಊಟ ಬಿಡುತ್ತದೆ, ಆಗ ನೋಡಿಕೊಳ್ಳುವವರಿಗೆ ಆ ಚೀಟಿ ಬೇಕಾಗುತ್ತದೆ.